ನೀಲಕಂಠದ ಕೂಳು

ಮೃಗಶಿರ ಮಳೆ ಆ ವರ್ಷ ನರೇಗಲ್ಲಿಗೆ ನೀರಿಗಿಂತ ಗಾಳಿಯನ್ನೇ ಹೆಚ್ಚು ತಂದಿತು. ಗುರುಸಂಗಪ್ಪನ ಹಿತ್ತಲಿನಲ್ಲಿದ್ದ ಹಳೆಯ ಹುಣಸೆಮರದ ಅರ್ಧ ಭಾಗ ಒಂದೇ ಬೀಸಿಗೆ ಮುರಿದು ದನದ ಕೊಟ್ಟಿಗೆಯ ಪಕ್ಕಕ್ಕೆ ಬಿತ್ತು. ಆ ಹೊತ್ತಿನಲ್ಲಿ ಕಮರುನ್ನಿಸಾ ಪಡಸಾಲೆಯಲ್ಲಿ ಕೂತು ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬೆರಳಿನಿಂದ ಬಿಡಿಸುತ್ತಿದ್ದಳು. ಗಾದಿ ಗುರುಸಂಗಪ್ಪನದೇ. ಹತ್ತಿಯ ಬಂಡಿಗಳ ಜೊತೆ ನರಗುಂದಕ್ಕೆ ಹೋದವನು ಜ್ವರ ಹೊತ್ತುಕೊಂಡು ತಿರುಗಿ ಬಂದು ಹದಿನೆಂಟು ದಿನವಾಗಿತ್ತು. ಗಜೇಂದ್ರಗಡದಿಂದ ಕರೆಸಿದ ವೈದ್ಯ ಎರಡು ಸಲ ನಾಡಿ ಹಿಡಿದು ನೋಡಿದ್ದ; ಎರಡನೆಯ ಸಲ ಏನೂ ಹೇಳದೆ ಎದ್ದು ಹೋಗಿದ್ದ.

ಕಮರುನ್ನಿಸಾ ಪಿಂಜಾರರವಳು. ಗಂಡ ಅಬ್ದುಲಗನಿ ಹೆಗಲ ಮೇಲೆ ಹತ್ತಿ ಪಿಂಜುವ ಬಿಲ್ಲು ಹೊತ್ತು ರೋಣದ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿ ಗಾದಿ ತುಂಬಿಕೊಡುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ವಾಂತಿಭೇದಿ ಹತ್ತಿ ಬೆಳಗಿನಿಂದ ಸಂಜೆಯೊಳಗೆ ಅವನು ಹೋಗಿಬಿಟ್ಟ. ಆ ಬಿಲ್ಲು ಅವಳ ಕೈಗೆ ಬಗ್ಗಲಿಲ್ಲ. ಯಾರಾದರೂ ಕರೆದರೆ ಹೋಗಿ ಬೆರಳಿನಿಂದಲೇ ಅರಳೆ ಹಿಂಜಿ, ಗಾದಿ ಹೊಲಿದು, ಕೊಟ್ಟದ್ದನ್ನು ತರುತ್ತಿದ್ದಳು. ಊರ ಅಂಚಿನಲ್ಲಿ ಗುರುಸಂಗಪ್ಪನ ಜಾಗದಲ್ಲೇ ಒಂದು ಅಂಕಣದ ಮನೆ. ಅಲ್ಲಿ ಅವಳು ಮತ್ತು ಏಳು ವರ್ಷದ ಮಗಳು ದಾವಲಬಿ.

ಮುರಿದುಬಿದ್ದ ಮರದ ಪೊಟರೆಯೊಳಗೆ ಮೂರು ಮರಿಗಳಿದ್ದವು. ಎರಡು ಜಜ್ಜಿಹೋಗಿದ್ದವು. ಮೂರನೆಯದನ್ನು ಮನೆಯ ಆಳು ಕನಕಪ್ಪ ಅಂಗೈಯಲ್ಲಿಟ್ಟುಕೊಂಡು ಬಂದ. ಮುಳ್ಳಿನಂತೆ ಗರಿ ಚಿಗುರುತ್ತಿದ್ದ, ಮೈಗಿಂತ ಬಾಯಿಯೇ ದೊಡ್ಡದಾಗಿದ್ದ ಕುರೂಪಿ ಮರಿ ಅದು. ಇದು ನೀಲಕಂಠದ ಮರಿ, ಇದರ ತಾಯಿ ಇದೇ ಮರದಲ್ಲಿ ಕೂರುವುದನ್ನು ತಾನು ದಿನಾ ನೋಡಿದ್ದೇನೆ ಎಂದು ಅವನು ಹೇಳಿದ. ಗುರುಸಂಗಪ್ಪನ ತಾಯಿ ಬಾಳವ್ವನಿಗೆ ಎಪ್ಪತ್ತು ದಾಟಿತ್ತು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಅವಳು ಮರಿಯನ್ನು ಸೆರಗಿನಲ್ಲಿ ತೆಗೆದುಕೊಂಡು ಮಗನ ಹಾಸಿಗೆಯ ಹತ್ತಿರ ಹೋದಳು. ಗುರುಸಂಗಪ್ಪ ಕಣ್ಣು ಬಿಟ್ಟು ನೀರು ಕೇಳಿದ.

ಅವನು ಬೆಳಿಗ್ಗೆಯೂ ಒಮ್ಮೆ ನೀರು ಕೇಳಿದ್ದ, ಪಡಸಾಲೆಯಲ್ಲಿ ಕೂತಿದ್ದ ಕಮರುನ್ನಿಸಾಳಿಗೆ ಅದು ಕೇಳಿಸಿತ್ತು. ಆದರೆ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಶಿವ ತನ್ನ ಮನೆಗೆ ಬಂದಿದ್ದಾನೆ, ಇದರ ಉಸಿರು ಇರುವತನಕ ಮಗನ ಉಸಿರು ಇರುತ್ತದೆ ಎಂದು ಬಾಳವ್ವ ಅಂದೇ ನಿಶ್ಚಯಿಸಿಬಿಟ್ಟಳು.

ಮರಿಗೆ ಹಾಲು ಕೊಟ್ಟರು, ಅನ್ನದ ಅಗುಳು ಕೊಟ್ಟರು, ಬಾಳೆಹಣ್ಣು ಕಿವುಚಿ ಕೊಟ್ಟರು. ಮರಿ ಬಾಯಿ ತೆರೆಯುತ್ತಿತ್ತು, ಹಾಕಿದ್ದನ್ನು ತಲೆ ಒದರಿ ಉಗಿಯುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ಕುತ್ತಿಗೆ ಬಾಗಿತು. ಗಾದಿ ಹೊಲಿದು ಮುಗಿಸಿ ಎದ್ದ ಕಮರುನ್ನಿಸಾ ತಡೆಯಲಾರದೆ, ಆ ಜಾತಿಯ ಹಕ್ಕಿ ಕಾಳು ಹಣ್ಣು ತಿನ್ನುವುದಿಲ್ಲ, ಹುಳವೇ ಬೇಕು ಎಂದುಬಿಟ್ಟಳು. ಪಡಸಾಲೆಯಲ್ಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಕಸ ಗುಡಿಸುವಾಗ ಇರುವೆಯ ಸಾಲು ಕಂಡರೆ ಪೊರಕೆ ಎತ್ತಿ ಹಿಡಿಯುವ ಮನೆ ಅದು. ಅಕ್ಕಿಯಲ್ಲಿ ಹುಳು ಕಂಡರೆ ಹಿತ್ತಲಿಗೆ ಒಯ್ದು ಬದುಕಲು ಬಿಟ್ಟು ಬರುತ್ತಿದ್ದರು.

ಬಾಳವ್ವ ಅವಳನ್ನು ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು.

“ಕಮರವ್ವ, ಇದು ನಮ್ಮ ಕೈಲೆ ಆಗೂದಲ್ಲ. ನಿಮಗಾದ್ರ ನಡೀತೈತಿ. ದಿನಾ ಬಂದು ಹಾಕಿ ಹೋಗು. ನಿನಗೂ ನಿನ್ನ ಮಗಳಿಗೂ ಹೊಟ್ಟಿಗೆ ಕಡಿಮಿ ಮಾಡೂದಿಲ್ಲ.”

ನಿಮಗೆ ನಡೆಯುತ್ತದೆ ಎಂದರೆ ಏನು ಎಂದು ಕಮರುನ್ನಿಸಾ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದಳು. ವರ್ಷಕ್ಕೆ ಎರಡು ಸಲ, ಹಬ್ಬಕ್ಕೊಮ್ಮೆ ಉರುಸಿಗೊಮ್ಮೆ, ಅವಳ ಮನೆಯಲ್ಲಿ ಮಾಂಸ ಬೇಯುತ್ತಿತ್ತು. ಕೊಯ್ಯುವವರು ಬೇರೆ. ಅವಳು ಕೈಯಾರೆ ಒಂದು ಕೋಳಿಯನ್ನೂ ಕೊಂದವಳಲ್ಲ. ಆದರೆ ಮನೆಯ ಗಡಿಗೆಯಲ್ಲಿ ಅಂದು ಜೋಳ ತಳ ಮುಟ್ಟಿತ್ತು. ಸಂಜೆಯೊಳಗೆ ಹೊಲದ ಬದುವಿನಲ್ಲಿ ಸೆರಗು ಬೀಸಿ ಏಳು ಮಿಡತೆ ಹಿಡಿದಳು.

ಕೆಲಸ ಬೇಗ ಕೈಗೆ ಕೂತಿತು. ಮೊದಲು ತಲೆ ಹಿಚುಕಬೇಕು, ಆಮೇಲೆ ಹಿಂಗಾಲು ಎರಡೂ ಕೀಳಬೇಕು; ಹಿಂಗಾಲಿನ ಗರಗಸದಂಥ ಮುಳ್ಳು ಮರಿಯ ಗಂಟಲಿಗೆ ಸಿಕ್ಕುತ್ತದೆ. ಬಾಯಿಯ ಆಳಕ್ಕೆ ಬೆರಳಿನಿಂದ ದೂಡಬೇಕು. ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲು ಹಾಸಿದ ಬುಟ್ಟಿಯ ಮುಂದೆ ಕೂತು ಅವಳು ಇದನ್ನು ಮಾಡುವಾಗ ಬಾಳವ್ವ ಅಲ್ಲೇ ನಿಂತು ಗೋಡೆಗೆ ಮುಖ ಮಾಡಿರುತ್ತಿದ್ದಳು. ಒಂದು ಕೈ ಕೊರಳಿನ ಲಿಂಗದ ಕರಡಿಗೆಯ ಮೇಲೆ. ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ ಕೇಳುತ್ತಿದ್ದಳು: “ತಿಂತೇನು?” ತಿಂದಿತು ಎಂದರೆ ಶಿವಶಿವಾ ಎನ್ನುತ್ತ ಒಳಗೆ ಹೋಗಿ, ಎರಡು ಬೊಗಸೆ ಜೋಳವನ್ನು ತಾನೇ ತಂದು ಕಮರುನ್ನಿಸಾಳ ಸೆರಗಿಗೆ ಹಾಕುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಒಂದು ದಿನ ಮಜ್ಜಿಗೆಯ ಗಡಿಗೆ, ಒಂದು ದಿನ ಮೊಮ್ಮಗಳು ಉಟ್ಟುಬಿಟ್ಟ ಹಳೆಯ ಪರಕಾರ, ಹೀಗೆ ಏನಾದರೂ ಒಂದನ್ನು ದಾವಲಬಿಗೆಂದು ಕೊಡುತ್ತಿದ್ದಳು.

ಮರಿ ಬೆಳೆಯಿತು. ರೆಕ್ಕೆಯ ಅಂಚಿಗೆ ನೀಲಿ ಬಂತು. ಗುರುಸಂಗಪ್ಪ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುವಂತಾದ.

ದಾವಲಬಿ ಜೀರಂಗಿ ಸಾಕಿದ್ದಳು. ಮೊದಲ ಮಳೆ ಬಿದ್ದೊಡನೆ ಜಾಲಿಯ ಗಿಡಗಳಲ್ಲಿ ಏಳುವ, ಬೆನ್ನ ಮೇಲೆ ಹೊಳೆಯುವ ಹಸಿರು ರೆಕ್ಕೆಯ ದೊಡ್ಡ ಹುಳು. ಹೋದ ವರ್ಷ ಅಬ್ದುಲಗನಿ ಎಲ್ಲಿಂದಲೋ ಒಂದನ್ನು ಪೇಟದ ಮಡಿಕೆಯಲ್ಲಿಟ್ಟುಕೊಂಡು ಬಂದು, ಜಾಲಿಯ ಎಳೆ ಎಲೆ ಹಾಕಬೇಕು, ಮುಚ್ಚಿದ್ದಕ್ಕೆ ಗಾಳಿಯಾಡಬೇಕು, ಕಾಲು ಹಿಡಿದು ಎತ್ತಬಾರದು ಎಂದೆಲ್ಲ ಮಗಳಿಗೆ ಕಲಿಸಿದ್ದ. ಈ ವರ್ಷ ಅವಳು ತಾನೇ ಹೋಗಿ ಹುಡುಕಿ ಐದನ್ನು ತಂದಿದ್ದಳು. ಬಿದಿರಿನ ಹಳೆಯ ಬುಟ್ಟಿ ಅವುಗಳ ಮನೆ. ಎಲ್ಲಕ್ಕಿಂತ ದೊಡ್ಡದು ಮುದಿಕಿ. ಒಂದು ಕಾಲು ಇಲ್ಲದ್ದು ಕುಂಟ. ಉಳಿದ ಮೂರಕ್ಕೆ ಹೆಸರು ಹುಡುಕುತ್ತಿದ್ದಳು. ಮುದಿಕಿ ಅವಳ ಅಂಗೈಯಲ್ಲಿ ಜೋಳದ ಕಾಳಿನಂಥ ತತ್ತಿ ಇಟ್ಟ ದಿನ ಹುಡುಗಿ ಕೈ ಮುಚ್ಚದೆ, ಊಟವನ್ನೂ ಮಾಡದೆ, ಹೊತ್ತು ಮುಳುಗುವತನಕ ಹಾಗೇ ಕೂತಿದ್ದಳು.

ತಾಯಿ ದಿನಾ ಚೀಲ ಹಿಡಿದು ಬದುವಿಗೆ ಹೋಗುವುದು ಯಾಕೆಂದು ಅವಳಿಗೆ ಗೊತ್ತಿತ್ತು. ಒಂದು ಸಂಜೆ ರೊಟ್ಟಿ ತಿನ್ನುತ್ತ ಕೇಳಿದಳು:

“ಯವ್ವಾ, ಮಿಡಚಿ ಯಾರವು?”

“ಯಾರವೂ ಅಲ್ಲ.”

“ನನ್ನ ಜೀರಂಗಿ?”

“ಅವು ನಿನ್ನವು.”

ಹುಡುಗಿ ಯೋಚಿಸಿದಳು. ಹಾಗಾದರೆ ಮಿಡತೆಗಳನ್ನೂ ಒಂದು ಬುಟ್ಟಿಗೆ ಹಾಕಿ ಸೊಪ್ಪು ಕೊಟ್ಟರೆ ಅವೂ ತನ್ನವಾಗುತ್ತವೆಯೇ, ಆಗ ಅವ್ವ ಅವನ್ನು ಒಯ್ಯುವುದಿಲ್ಲವೇ ಎಂದು ಕೇಳಿದಳು. ರೊಟ್ಟಿ ಆರುತ್ತದೆ, ತಿನ್ನು ಎಂದಳು ಕಮರುನ್ನಿಸಾ. ಅಂದು ಮಲಗುವಾಗ ಅವಳಿಗೂ ಅನಿಸಿತು, ಒಂದು ಹುಳಕ್ಕೂ ಇನ್ನೊಂದು ಹುಳಕ್ಕೂ ನಡುವೆ ಇರುವುದು ಆ ಬುಟ್ಟಿಯೊಂದೇ. ಆದರೆ ಬೆಳಿಗ್ಗೆ ಬದುವಿನಲ್ಲಿ ಮಿಡತೆಗಳು ಹಾರುತ್ತಿದ್ದವು, ಹಿಡಿಯುವುದು ಸುಲಭವಾಗಿತ್ತು, ಆ ವಿಚಾರ ಅಲ್ಲಿಗೇ ನಿಂತಿತು.

ಪುನರ್ವಸು ಮಳೆ ಹಿಡಿಯಿತು. ಗುಡುಗು ಮಿಂಚು ಯಾವುದೂ ಇಲ್ಲದೆ, ಜಿಟಿಜಿಟಿ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಮೊದಲ ದಿನ ಸಂಜೆ ರೆಕ್ಕೆಯ ಗೆದ್ದಲು ಎದ್ದವು. ಕಮರುನ್ನಿಸಾ ಒಂದು ಮೊಗೆ ತುಂಬ ಹಿಡಿದು ಎರಡು ದಿನ ಸಾಗಿಸಿದಳು. ಆಮೇಲೆ ತಣ್ಣನೆಯ ಗಾಳಿ ಬಿಟ್ಟಿತು. ಎರೆಮಣ್ಣಿನಲ್ಲಿ ಕಾಲು ಮೊಳಕಾಲತನಕ ಹೂಳುತ್ತಿತ್ತು, ಒಂದು ಕಾಲು ಕಿತ್ತು ಇನ್ನೊಂದು ಇಡುವುದರೊಳಗೆ ಉಸಿರು ಕಟ್ಟುತ್ತಿತ್ತು. ಬದುವಿನ ಹುಲ್ಲು ಮಲಗಿತ್ತು. ಒಂದು ಮಿಡತೆಯೂ ಎದ್ದು ಹಾರಲಿಲ್ಲ. ಕಲ್ಲು ಮಗುಚಿ ಎರಡು ಎರೆಹುಳ ತಂದು ಹಾಕಿದರೆ ಮರಿ ಅವನ್ನು ಕಾರಿಕೊಂಡಿತು.

ಅಂದೇ ಗುರುಸಂಗಪ್ಪನಿಗೆ ಜ್ವರ ಮತ್ತೆ ಏರಿತು. ಕಮರುನ್ನಿಸಾ ಬರಿಗೈಯಲ್ಲಿ ಕೊಟ್ಟಿಗೆಗೆ ಬಂದಾಗ ಬಾಳವ್ವ ಗೋಡೆಯ ಕಡೆಗೆ ತಿರುಗಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು. ಹಕ್ಕಿ ಹುಲ್ಲಿನ ಮೇಲೆ ಗರಿ ಕೆದರಿಕೊಂಡು ಕಣ್ಣು ಮುಚ್ಚಿತ್ತು. ಎಲ್ಲಿಯೂ ಸಿಗಲಿಲ್ಲ ಎಂದು ಕಮರುನ್ನಿಸಾ ಹೇಳಿದಳು. ಹೊಲದಲ್ಲಿ ಇಲ್ಲದಿದ್ದರೆ ಬೇರೆ ಎಲ್ಲಾದರೂ ಇರುತ್ತದೆ, ಹುಳಕ್ಕೆ ಭೂಮಿಯ ಮೇಲೆ ಬರವಿಲ್ಲ ಎಂದು ಬಾಳವ್ವ ಹೇಳಿದಳು. ಅವಳ ದನಿ ಗಟ್ಟಿಯಾಗಿರಲಿಲ್ಲ. ಕಮರುನ್ನಿಸಾಳ ಎರಡೂ ಕೈ ಹಿಡಿದುಕೊಂಡಳು, ಎಂದೂ ಮುಟ್ಟದವಳು.

“ಇದು ಹ್ವಾದ್ರ ಅವನೂ ಹೋಗ್ತಾನ. ಎಲ್ಲಿಂದರ ತಾ, ನಾ ಕೇಳೂದಿಲ್ಲ.”

ಮನೆಯಲ್ಲಿ ದಾವಲಬಿಗೆ ಸಣ್ಣ ಕೆಮ್ಮು ಇತ್ತು, ಕೌದಿ ಹೊದ್ದು ಮಲಗಿದ್ದಳು. ಬುಟ್ಟಿ ಅವಳ ತಲೆಯ ಹತ್ತಿರ. ಕಮರುನ್ನಿಸಾ ಮುಚ್ಚಿದ ಬಟ್ಟೆ ಎತ್ತಿ, ಹೆಸರಿಲ್ಲದ್ದರಲ್ಲಿ ಒಂದನ್ನು ತೆಗೆದುಕೊಂಡಳು. ಹೆಸರಿಲ್ಲದ್ದು ಎಂದು ಆರಿಸಿಕೊಂಡದ್ದು ಅವಳಿಗೆ ಆಗ ತಿಳಿದೇ ಇತ್ತು. ಅದು ಕೊಟ್ಟಿಗೆಯತನಕ ಅವಳ ಮುಷ್ಟಿಯೊಳಗೆ ಕೆರೆಯುತ್ತ ಬಂತು, ಬೆರಳಿನ ಸಂದಿಯಿಂದ ಹೊರಬರಲು ನೋಡಿತು. ಮಿಡತೆಯ ಹಾಗೆ ಹಿಚುಕಲು ಆಗಲಿಲ್ಲ, ತಲೆ ಕಲ್ಲಿನಂತೆ ಗಟ್ಟಿ. ಹಸಿರು ರೆಕ್ಕೆ ಎರಡನ್ನೂ ಬುಡಸಮೇತ ಕಿತ್ತು, ಕಾಲು ಕಿತ್ತು, ದನ ಕಟ್ಟುವ ಗೊಂತಿನ ಕಲ್ಲಿಗೆ ಒತ್ತಿ ಒಡೆದಳು. ಹಕ್ಕಿ ಮೊದಲು ಉಗಿಯಿತು, ಅದಕ್ಕೆ ಕಹಿ ಹತ್ತಿರಬೇಕು. ಅವಳು ಮತ್ತೆ ದೂಡಿದಳು. ನುಂಗಿತು. ಗೋಡೆಯ ಕಡೆಯಿಂದ ಪ್ರಶ್ನೆ ಬಂತು, ಇವಳು ಹೂಂ ಎಂದಳು. ಜೋಳ ಅಂದು ಮೂರು ಬೊಗಸೆ ಬಂತು.

ಒಂದು ಕಡಿಮೆ ಇದೆ ಎಂದು ದಾವಲಬಿ ಸಂಜೆ ಹೇಳಿದಳು. ಬಟ್ಟೆ ಸರಿದಿತ್ತು, ಹಾರಿ ಹೋಯಿತು ಎಂದು ತಾಯಿ ಹೇಳಿದಳು. ಯಾವ ಕಡೆಗೆ ಹಾರಿತು ಎಂದು ಹುಡುಗಿ ಕೇಳಿದಾಗ, ಬಾಯಿಗೆ ಬಂದದ್ದನ್ನು, ಗುರುಸಂಗಪ್ಪನ ಹಿತ್ತಲಿನ ಹುಣಸೆಮರದ ಕಡೆಗೆ ಎಂದುಬಿಟ್ಟಳು.

ಮರುದಿನ ಎರಡು ಹೋದವು. ಹಕ್ಕಿ ಕಣ್ಣು ಬಿಟ್ಟು ಕೂತಿತು, ಕ್ರ್ಯಾ ಕ್ರ್ಯಾ ಎಂದು ಕೂಗಿತು. ಗುರುಸಂಗಪ್ಪನ ಜ್ವರ ತುಸು ಇಳಿಯಿತು ಎಂದು ಬಾಳವ್ವ ಹೇಳಿದಳು. ನಿಜವಾಗಿ ಇಳಿದಿತ್ತೋ ಇಲ್ಲವೋ, ಕಮರುನ್ನಿಸಾ ಒಳಗೆ ಹೋಗಿ ನೋಡುವಂತಿರಲಿಲ್ಲ. ಬಟ್ಟೆಯನ್ನು ಗಟ್ಟಿಯಾಗಿ ಕಟ್ಟಿದ್ದೆನಲ್ಲ ಎಂದು ದಾವಲಬಿ ಬುಟ್ಟಿಯನ್ನು ಎತ್ತಿ ಎತ್ತಿ ನೋಡಿದಳು. ತಾಯಿಯ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ತಾನೇ ಏನೋ ತಪ್ಪು ಮಾಡಿದ್ದೇನೆ, ಎಲೆ ಚೆನ್ನಾಗಿರಲಿಲ್ಲ, ಅದಕ್ಕೇ ಅವು ಬಿಟ್ಟುಹೋದವು ಎಂದು ಅತ್ತಳು. ಅಪ್ಪನಿಗೆ ಗೊತ್ತಾದರೆ ಏನನ್ನುತ್ತಾನೆ ಎಂದಳು. ಕಮರುನ್ನಿಸಾ ಒಲೆಯ ಕಡೆ ತಿರುಗಿ ಊದುತ್ತ ಕೂತಳು, ಉರಿಯುತ್ತಿದ್ದ ಒಲೆಯನ್ನೇ.

ಮೂರನೆಯ ದಿನ ಬುಟ್ಟಿಯಲ್ಲಿ ಇದ್ದವು ಮುದಿಕಿ ಮತ್ತು ಕುಂಟ. ಮಳೆ ನಿಂತಿರಲಿಲ್ಲ. ಕಮರುನ್ನಿಸಾ ಮುದಿಕಿಯನ್ನು ತೆಗೆದುಕೊಂಡಳು. ದೊಡ್ಡದು, ಒಂದರಲ್ಲೇ ಹಕ್ಕಿಗೆ ದಿನ ಕಳೆಯುತ್ತದೆ, ಕುಂಟ ಉಳಿಯಬಹುದು ಎಂದು ಲೆಕ್ಕ ಹಾಕಿದಳು.

ಅವಳು ಹೋದ ಸ್ವಲ್ಪ ಹೊತ್ತಿಗೆ ದಾವಲಬಿ ಎದ್ದಳು. ಬುಟ್ಟಿ ನೋಡಿದಳು. ಗೋಣಿಯ ಕೊಪ್ಪೆ ಹೊದ್ದುಕೊಂಡು, ತಾಯಿ ಹೇಳಿದ ಹುಣಸೆಮರ ಹುಡುಕಿಕೊಂಡು ಕೆಸರಿನಲ್ಲಿ ನಡೆದು ಬಂದಳು. ಮುರಿದ ಮರದ ಕೊಂಬೆಗಳನ್ನೆಲ್ಲ ಬಗ್ಗಿ ನೋಡಿದಳು. ಕೊಟ್ಟಿಗೆಯ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ.

ಕಮರುನ್ನಿಸಾಳಿಗೆ ಅವಳು ಬಂದದ್ದು ಗೊತ್ತಾಗಲಿಲ್ಲ. ಬೆನ್ನು ಬಾಗಿಲಿಗಿತ್ತು, ಒಂದು ರೆಕ್ಕೆ ಕಿತ್ತಾಗಿತ್ತು, ಇನ್ನೊಂದರ ಬುಡಕ್ಕೆ ಉಗುರು ಹಾಕಿದ್ದಳು. ಮೊದಲು ನೋಡಿದವಳು ಬಾಳವ್ವ, ಕೊಪ್ಪೆಯೊಳಗಿನ ಮುಖ ಅವಳಿಗೆ ಗುರುತು ಹತ್ತಲಿಲ್ಲ.

“ಯಾರದ ಹುಡುಗಿ?”

ದಾವಲಬಿ ಅವಳ ಕಡೆ ನೋಡಲಿಲ್ಲ. “ಅದು ನನ್ನ ಮುದಿಕಿ,” ಎಂದಳು.

ಕೂಗಲಿಲ್ಲ, ಓಡಿ ಬಂದು ಕಸಿದುಕೊಳ್ಳಲೂ ಇಲ್ಲ. ಕೊಪ್ಪೆಯಿಂದ ನೀರು ಸೋರುತ್ತ ನಿಂತಳು. ಮುದಿಕಿ ಕಮರುನ್ನಿಸಾಳ ಬೆರಳುಗಳ ನಡುವೆ ಇನ್ನೂ ಕಾಲು ಆಡಿಸುತ್ತಿತ್ತು. ತಿರುಗಿ ಬುಟ್ಟಿಗೆ ಹಾಕುವಂತೆಯೂ ಇಲ್ಲ, ಹಕ್ಕಿಗೆ ಕೊಡುವಂತೆಯೂ ಇಲ್ಲ. ಕಡೆಗೆ ಅವಳು ಅದನ್ನು ಕಲ್ಲಿಗೆ ಒತ್ತಿದಳು, ನೋವಾದರೂ ಮುಗಿಯಲಿ ಎಂದು. ಆಮೇಲೆ ಹಕ್ಕಿಯ ಬಾಯಿಗೆ ಹಾಕಿದಳು. ಇನ್ನೇನು ಮಾಡಬೇಕೋ ತೋಚಲಿಲ್ಲ.

ಬಾಳವ್ವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮೂರು ದಿನದಿಂದಲೂ ಇದನ್ನೇ ತಂದಿರುವೆಯಾ ಎಂದು ಕೇಳಿದಳು. ಹೌದೆಂದು ಕಮರುನ್ನಿಸಾ ತಲೆಯಾಡಿಸಿದಳು. ಕೂಸು ಸಾಕಿದ್ದನ್ನು, ಕೈಯಾರೆ ಮೇವು ಹಾಕಿದ್ದನ್ನು ತಂದು ತನ್ನ ಮಗನ ಜೀವಕ್ಕೆ ಹಾಕಿದೆಯಲ್ಲ, ಈ ಕೂಸಿನ ನಿಟ್ಟುಸಿರು ಎಲ್ಲಿಗೆ ಹೋಗಿ ತಾಕುತ್ತದೆ ಎಂದು ಯೋಚಿಸಿದೆಯಾ ಎಂದು ಬಾಳವ್ವ ಕೇಳಿದಳು. ಇಂಥ ಪಾಪ ಮಾಡಲು ತಾನು ಹೇಳಿರಲಿಲ್ಲ ಎಂದಳು.

ಕಮರುನ್ನಿಸಾ ಆ ಮನೆಯಲ್ಲಿ ಎಂದೂ ತಲೆ ಎತ್ತಿ ಮಾತಾಡಿದವಳಲ್ಲ.

“ಮಿಡಚಿ ಪಾಪ ಯಾರಿಗೆ ಬಂತ್ರಿ, ಅವ್ವಾರ?”

“ಅದು ನಿನಗ. ನಾ ಮುಟ್ಟಿಲ್ಲ.”

“ಇದು?”

ಬಾಳವ್ವನ ಕೈ ಕೊರಳಿನ ಕರಡಿಗೆಗೆ ಹೋಯಿತು. “ಇದೂ ನಿನಗ,” ಎಂದಳು. ಆದರೆ ಹೇಳುವಾಗ ಕಮರುನ್ನಿಸಾಳನ್ನು ನೋಡದೆ ಹುಡುಗಿಯನ್ನೇ ನೋಡುತ್ತಿದ್ದಳು.

ಆಮೇಲೆ ಬಾಳವ್ವ ಒಳಗೆ ಹೋಗಿ ಬೆಲ್ಲದ ಅಚ್ಚು ತಂದಳು, ಕೊಟ್ಟಿಗೆಯ ಸಗಣಿ ನೆಲದಲ್ಲಿ ದಾವಲಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬೆಲ್ಲವನ್ನು ಅವಳ ಕೈಯಲ್ಲಿಟ್ಟು, ಮನಸ್ಸಿಗೆ ಏನೂ ತಂದುಕೊಂಡಿಲ್ಲ ಎಂದು ಒಂದು ಮಾತು ಹೇಳು, ಹೂಂ ಎಂದರೂ ಸಾಕು ಎಂದು ಬೇಡಿಕೊಂಡಳು. ಒಳಗೆ ತನ್ನ ಮಗ ಮಲಗಿದ್ದಾನೆ, ಅವನಿಗೂ ಚಿಕ್ಕ ಮಗಳಿದ್ದಾಳೆ ಎಂದಳು. ಎಪ್ಪತ್ತು ವರ್ಷದವಳು ಏಳು ವರ್ಷದವಳಿಗೆ ಕೈ ಮುಗಿದಳು. ದಾವಲಬಿ ಬೆಲ್ಲವನ್ನು ಹಿಡಿಯಲಿಲ್ಲ, ಅದು ಅಂಗೈಯಿಂದ ಜಾರಿ ಕೆಳಗೆ ಬಿತ್ತು. ಹಕ್ಕಿ ಬಾಯಿ ತೆರೆದು ಕೂಗುತ್ತಿತ್ತು. ಹುಡುಗಿ ಅದನ್ನು ಮೊದಲ ಸಲ ಸರಿಯಾಗಿ ನೋಡಿದಳು.

“ಅದಕಿನ್ನೂ ಹಸಿವೈತೇನು?”

ದಾವಲಬಿ ಮಳೆಯಲ್ಲಿ ಹೊರಟುಹೋದಳು. ಕಮರುನ್ನಿಸಾ ಹಿಂದೆ ಹೋಗದೆ, ಕಿತ್ತ ರೆಕ್ಕೆಗಳನ್ನು ಹುಲ್ಲಿನೊಳಗೆ ಗುಡಿಸಿದಳು. ತಿರುಗಿ ಬಂದಾಗ ಹುಡುಗಿಯ ಮುಷ್ಟಿ ಮುಚ್ಚಿತ್ತು. ತಾಯಿ ಮಣಿಕಟ್ಟು ಹಿಡಿದುಕೊಂಡಳು, ಬೇಡ ಎಂದಳು, ನಾಳೆ ಮಳೆ ನಿಲ್ಲುತ್ತದೆ, ಕುಂಟನನ್ನು ಮನೆಗೆ ಒಯ್ಯೋಣ ಎಂದಳು. ದಾವಲಬಿ ಕೈ ಬಿಡಿಸಿಕೊಂಡಳು.

“ನೀ ಬ್ಯಾಡ. ನಾನ ಹಾಕ್ತೀನಿ.”

ಆಗಷ್ಟೇ ನೋಡಿದ್ದನ್ನು ಅವಳು ತಪ್ಪದೆ ಮಾಡಿದಳು. ರೆಕ್ಕೆಗೆ ಅವಳ ಬೆರಳಿನ ಬಲ ಸಾಲಲಿಲ್ಲ, ಹಲ್ಲು ಕಚ್ಚಿ ಎಳೆದಳು. ಕಾಲುಗಳನ್ನು ಕಿತ್ತಳು, ಐದೇ ಇದ್ದವು. ಕಲ್ಲಿಗೆ ಒತ್ತಿದಳು. ಬೇಡ ಎಂದು ಬಾಳವ್ವ ಹೇಳಬಹುದಿತ್ತು. ಕಮರುನ್ನಿಸಾ ಅವಳ ಕಡೆ ನೋಡಿದಳು, ಒಂದು ಮಾತಿಗಾಗಿ ಕಾದಳು. ಒಳಮನೆಯಲ್ಲಿ ಗುರುಸಂಗಪ್ಪ ಜ್ವರದಲ್ಲಿ ನರಳುವುದು ಕೇಳಿಸುತ್ತಿತ್ತು. ಬಾಳವ್ವ ನಿಧಾನವಾಗಿ ಗೋಡೆಯ ಕಡೆಗೆ ತಿರುಗಿ ನಿಂತಳು. ಸ್ವಲ್ಪ ಹೊತ್ತು ಬಿಟ್ಟು, ರೂಢಿಯ ಹಾಗೆ, ತಿಂತೇನು ಎಂದು ಕೇಳಿದಳು.

ಆ ಸಂಜೆ ಮಳೆ ನಿಂತಿತು. ಮರುದಿನ ಬಿಸಿಲು ಬಿದ್ದು ಬದುವಿನಲ್ಲಿ ಮಿಡತೆಗಳು ಎದ್ದವು. ನಾಲ್ಕನೆಯ ದಿನ ಮಧ್ಯಾಹ್ನ ಗುರುಸಂಗಪ್ಪ ತೀರಿಕೊಂಡ.

ಅವನನ್ನು ಕೂಡಿಸಿ ಹೂವು ಏರಿಸಿ ವಿಭೂತಿ ಹಚ್ಚಿ ಮಣ್ಣು ಮಾಡಿ ಬಂದರು. ಬಾಳವ್ವ ಅಳಲಿಲ್ಲ ಎಂದು ಊರವರು ಮಾತಾಡಿಕೊಂಡರು. ಕಾರ್ಯಗಳೆಲ್ಲ ಮುಗಿದ ಮರುದಿನ ಕನಕಪ್ಪ ಕಮರುನ್ನಿಸಾಳ ಮನೆಯ ಮುಂದೆ ಬಂದು ನಿಂತ. ಹೇಳಲು ಅವನಿಗೂ ಸಂಕಟವಾಗಿತ್ತು. ನೆಲ ನೋಡುತ್ತ ಹೇಳಿದ. ಈ ಮನೆ ಬಿಡಬೇಕಂತೆ. ಬೈಯಲಿಲ್ಲವಂತೆ, ಯಾರ ಮುಂದೆಯೂ ಏನೂ ಹೇಳಿಲ್ಲವಂತೆ, ಆದರೆ ಆ ಕೂಸಿನ ಮುಖ ಕಣ್ಣಿಗೆ ಬೀಳಬಾರದಂತೆ. ಹಕ್ಕಿಯನ್ನು ಕೊಟ್ಟಿಗೆಯಿಂದ ಹೊರಗಿಡಲು ಹೇಳಿದ್ದಾರೆ, ಹುಣಸೆಮರದ ಬುಡದಲ್ಲಿ ಇಟ್ಟಿದ್ದೇನೆ, ಇಷ್ಟು ದಿನ ನಾನೇ ಹೇಗೋ ಎರಡು ಮಿಡತೆ ಹಾಕುತ್ತಿದ್ದೆ, ನಿನ್ನೆಯಿಂದ ಯಾರೂ ಏನೂ ಹಾಕಿಲ್ಲ, ಬೆಕ್ಕು ಸುತ್ತುತ್ತಿದೆ ಎಂದೂ ಹೇಳಿದ.

ಕಮರುನ್ನಿಸಾಳ ಸಾಮಾನು ಎಂದರೆ ಎರಡು ಗಡಿಗೆ, ಒಂದು ಕೌದಿ, ಗಂಡನ ಬಿಲ್ಲು. ಜಕ್ಕಲಿಯಲ್ಲಿ ಅವಳ ಅಣ್ಣ ಅಬ್ದುಲಮಜೀದನಿದ್ದ, ಅವನೂ ಪಿಂಜಾರ. ಒಂದು ಹರದಾರಿಯ ದಾರಿ. ಗಂಟು ಕಟ್ಟಿ ಹೊರಟಾಗ ದಾವಲಬಿ ತಾನಾಗಿಯೇ ಗುರುಸಂಗಪ್ಪನ ಹಿತ್ತಲಿನ ದಾರಿ ಹಿಡಿದಳು. ಅಲ್ಲಿಗೆ ಹೋಗಬೇಡ ಎಂದು ತಾಯಿ ಕೂಗಿದರೂ ನಿಲ್ಲಲಿಲ್ಲ. ಹಕ್ಕಿಯನ್ನು ಹುಲ್ಲಿನ ಬುಟ್ಟಿಸಮೇತ ಎತ್ತಿಕೊಂಡು ಬಂದಳು. ಕಿಟಕಿಯ ಹಿಂದೆ ಯಾರೋ ನಿಂತ ಹಾಗೆ ಕಮರುನ್ನಿಸಾಳಿಗೆ ಕಂಡಿತು, ಯಾರೂ ತಡೆಯಲಿಲ್ಲ.

ದಾರಿಯಲ್ಲಿ ಹಳ್ಳದ ದಂಡೆಗೆ ಕೂತರು. ದಾವಲಬಿ ಬದುವಿಗೆ ಹೋಗಿ, ಪರಕಾರದ ಅಂಚು ಬೀಸಿ ಒಂದು ಮಿಡತೆ ಹಿಡಿದಳು. ತಲೆ ಹಿಚುಕಿ, ಹಿಂಗಾಲು ಕಿತ್ತು, ಹಕ್ಕಿಯ ಬಾಯಿಗೆ ದೂಡಿದಳು. ಇನ್ನೊಂದು ಹಿಡಿದಳು. ಅವಳ ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದನ್ನು ನೋಡುವುದು ಕಮರುನ್ನಿಸಾಳಿಗೆ ಅಂದು ಕೊಟ್ಟಿಗೆಯಲ್ಲಿ ನೋಡಿದ್ದಕ್ಕಿಂತ ಕಷ್ಟವಾಯಿತು. ಈ ಹಕ್ಕಿಯಿಂದ ನಮಗೇನಾಗಬೇಕು, ಇಲ್ಲೇ ಗಿಡದ ಮೇಲೆ ಬಿಟ್ಟು ಹೋಗೋಣ ಎಂದಳು.

“ಬಿಟ್ರ ಸಾಯ್ತೈತಿ.”

“ಅದನ್ನ ಉಳಿಸಾಕ ದಿನಾ ಹತ್ತು ಸಾಯ್ತಾವಲ್ಲ, ದಾವಲವ್ವ.”

“ಹೂಂ, ಸಾಯ್ತಾವು.” ಹುಡುಗಿ ಮೂರನೆಯದರ ಕಾಲು ಕೀಳುತ್ತ ಹೇಳಿದಳು. “ಇದು ಸತ್ರ ಮುದಿಕಿ ಸತ್ತದ್ದು ಯಾತಕ್ಕ?”

ಕಮರುನ್ನಿಸಾ ಗಂಟಿನ ಮೇಲೆ ಕೈಯೂರಿ ಕೂತಳು. ಕ್ಷಮಿಸು ಎಂದು ಹೇಳಬೇಕೆನಿಸಿತು. ಆದರೆ ಹೊಟ್ಟೆಗಿಲ್ಲದೆ ಹೀಗೆ ಮಾಡಿದೆ ಎಂದರೆ ಆ ಜೋಳದ ರೊಟ್ಟಿಯನ್ನು ಈ ಹುಡುಗಿಯೂ ತಿಂದಿದ್ದಾಳೆ, ಆ ಭಾರವನ್ನು ಅವಳ ಮೇಲೂ ಹಾಕಿದಂತಾಗುತ್ತದೆ. ಬಾಳವ್ವ ಹೇಳಿದಳು ಎಂದರೆ, ಬುಟ್ಟಿಯ ಬಟ್ಟೆ ಎತ್ತಿದ್ದು ಬಾಳವ್ವನ ಕೈಯಲ್ಲ. ಅವಳು ಎದ್ದು ಗಂಟು ತಲೆಯ ಮೇಲಿಟ್ಟುಕೊಂಡಳು, ಇಬ್ಬರೂ ನಡೆದರು.

ಜಕ್ಕಲಿಯಲ್ಲಿ ಅಬ್ದುಲಮಜೀದ ಹಿತ್ತಲಿನ ಚಪ್ಪರವನ್ನು ಅವರಿಗೆ ಬಿಟ್ಟುಕೊಟ್ಟ. ಹಕ್ಕಿಯನ್ನು ಕಂಡು ಅತ್ತಿಗೆ ಮೂಗು ಮುರಿದಳು. ದಾವಲಬಿ ಅದಕ್ಕೆ ಹೆಸರಿಡಲಿಲ್ಲ, ಮೈ ಸವರಲಿಲ್ಲ, ಅದರ ಜೊತೆ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ಹುಳ ಹಿಡಿದು ತಂದು ಹಾಕುತ್ತಿದ್ದಳು, ತಾಯಿಗೆ ಮುಟ್ಟಗೊಡುತ್ತಿರಲಿಲ್ಲ. ಎಂಟು ದಿನಕ್ಕೆ ಹಕ್ಕಿ ಚಪ್ಪರದ ಗಳುವಿನ ಮೇಲೆ ಏರಿತು. ಶ್ರಾವಣದ ಮೊದಲ ಸೋಮವಾರ ಅಲ್ಲಿಂದ ಹಾರಿ ಬೇವಿನ ಮರಕ್ಕೆ ಹೋಯಿತು, ಬೇವಿನ ಮರದಿಂದ ಹೊಲಗಳ ಕಡೆಗೆ. ರೆಕ್ಕೆ ಬಿಚ್ಚಿದಾಗ ನೀಲಿ ಕಣ್ಣು ಕುಕ್ಕಿತು, ಅತ್ತಿಗೆಯೂ ಹೊರಗೆ ಬಂದು ಕೈ ಮುಗಿದಳು. ದಾವಲಬಿ ಆಗ ಅಂಗಳದಲ್ಲೇ ಇದ್ದಳು. ಒಮ್ಮೆ ನೋಡಿ, ಕೈಯಲ್ಲಿದ್ದ ಸತ್ತ ಮಿಡತೆಯನ್ನು ಏನು ಮಾಡಬೇಕೆಂದು ತಿಳಿಯದೆ, ನೆಲ ಕೆದರಿ ಹೂತುಬಿಟ್ಟಳು.

ಜಾಲಿಯ ಗಿಡದ ಹತ್ತಿರ ಅವಳು ಮತ್ತೆ ಹೋಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಾವನ ಮಕ್ಕಳು ಜೀರಂಗಿ ಹಿಡಿದು ತಂದಾಗ ಎದ್ದು ಬೇರೆ ಕಡೆ ಹೋಗಿ ಕೂತಳು. ತಾಯಿಯೊಂದಿಗೆ ಮಾತು ಬಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಊಟಕ್ಕೆ ಕೂತಾಗ ರೊಟ್ಟಿ ಮುರಿಯುವ ಮೊದಲು, ಈ ಜೋಳ ಯಾರು ಕೊಟ್ಟದ್ದು, ಯಾತಕ್ಕೆ ಕೊಟ್ಟರು ಎಂದು ಕೇಳತೊಡಗಿದಳು. ಇಂಥವರ ಗಾದಿ ಹೊಲಿದದ್ದಕ್ಕೆ, ಇಂಥವರ ಹತ್ತಿ ಬಿಡಿಸಿದ್ದಕ್ಕೆ ಎಂದು ಕಮರುನ್ನಿಸಾ ಪ್ರತಿ ಸಲವೂ ಹೇಳುತ್ತಿದ್ದಳು. ಹುಡುಗಿ ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ ಆಮೇಲೆ ತಿನ್ನುತ್ತಿದ್ದಳು.

ಒಮ್ಮೆ ಸುಗ್ಗಿಯಲ್ಲಿ ಎರಡು ದಿನ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಮರುನ್ನಿಸಾ ಊರಾಚೆಯ ಹೊಲವೊಂದರಲ್ಲಿ, ಒಡೆಯ ಇಲ್ಲದ ಹೊತ್ತು ನೋಡಿ ನಾಲ್ಕು ತೆನೆ ಮುರಿದುಕೊಂಡು ಬಂದಳು. ಅಂದು ದಾವಲಬಿ ಕೇಳಿದಾಗ ಸುಳ್ಳು ಹೇಳಲು ಅವಳ ನಾಲಗೆ ಎದ್ದಿತ್ತು. ಹೇಳಲಿಲ್ಲ. ಕದ್ದು ತಂದದ್ದು ಎಂದಳು. ಹುಡುಗಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ನೀರು ಕುಡಿದು, ಕೌದಿ ಎಳೆದುಕೊಂಡು ಮಲಗಿದಳು. ಕಮರುನ್ನಿಸಾ ಆ ರೊಟ್ಟಿಯನ್ನು ಮುಚ್ಚಿಟ್ಟಳು. ಬೆಳಿಗ್ಗೆ ಅದು ಸೆಟೆದು ಗಟ್ಟಿಯಾಗಿತ್ತು. ನೀರಿನಲ್ಲಿ ಅದ್ದಿಕೊಂಡು, ಮಗಳು ಏಳುವ ಮೊದಲು ತಾನೊಬ್ಬಳೇ ತಿಂದಳು.